ಬಿಲ್ ಕೊಟ್ಟ ದಿನ, ಹಣ ಬಂದ ದಿನ

ಬೆಂಗಳೂರಿನ ಪೀಣ್ಯದಲ್ಲಿ ನಾನು ಲೇಥ್ ಹಾಕಿದ ಎರಡನೇ ವರ್ಷ. ಎರಡು ಯಂತ್ರ, ಮೂವರು ಹುಡುಗರು, ಕೈತುಂಬ ಕೆಲಸ. ರಾತ್ರಿ ಹತ್ತಾದರೂ ಶೆಡ್ಡಿನ ದೀಪ ಆರುತ್ತಿರಲಿಲ್ಲ. ಆದರೂ ಒಂದು ತಿಂಗಳು ಸಂಬಳಕ್ಕೆ ಕಾಸಿಲ್ಲದೆ, ಲೇಥ್ ಕೆಳಗೆ ಬಿದ್ದಿದ್ದ ಕಬ್ಬಿಣದ ಸುರುಳಿಗಳನ್ನು ಮೂಟೆ ಕಟ್ಟಿ ಗುಜರಿಗೆ ಹಾಕಿದೆ. ಆ ದುಡ್ಡಿನಲ್ಲಿ ಹುಡುಗರಿಗೆ ಅರ್ಧರ್ಧ ಸಂಬಳ ಕೊಟ್ಟೆ. ಲೆಕ್ಕದ ಪುಸ್ತಕದಲ್ಲಿ ಲಾಭವಿತ್ತು. ದೊಡ್ಡ ಪಾರ್ಟಿಯೊಂದು ನಾಲ್ಕು ತಿಂಗಳ ಬಿಲ್ ಬಾಕಿ ಉಳಿಸಿಕೊಂಡಿತ್ತು.

ನನ್ನ ಸುತ್ತ ಬಾಗಿಲು ಹಾಕಿದ ಶೆಡ್ಡುಗಳಲ್ಲಿ ಹೆಚ್ಚಿನವಕ್ಕೆ ಕೆಲಸದ ಕೊರತೆ ಇರಲಿಲ್ಲ, ಹಣ ಹೊತ್ತಿಗೆ ಬರುತ್ತಿರಲಿಲ್ಲ. ಉಕ್ಕಿನ ಅಂಗಡಿಯವನಿಗೆ ನಗದು ಬೇಕು, ಬಾಡಿಗೆ, ಕರೆಂಟು, ಬ್ಯಾಂಕಿನ ಕಂತು ಕಾಯುವುದಿಲ್ಲ. ತಿಂಗಳ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಜಿಎಸ್‌ಟಿ ಕಟ್ಟಬೇಕು, ಬಿಲ್ಲಿನ ಹಣ ಬಂದಿರಲಿ ಬಿಡಲಿ. ಹೊಸಬರು ಬಂಡವಾಳವೆಲ್ಲವನ್ನೂ ಯಂತ್ರಕ್ಕೆ ಸುರಿದಿರುತ್ತಾರೆ, ನಾನೂ ಹಾಗೇ ಮಾಡಿದ್ದೆ. ಮೂರು ತಿಂಗಳ ಖರ್ಚಿನಷ್ಟು ಹಣ ಪಕ್ಕಕ್ಕಿಡದೆ ಯಾರೂ ಶೆಡ್ ತೆರೆಯಬಾರದು.

ಬಿಲ್ಲಿನ ಹಣ ತಡವಾದರೆ ಕಾನೂನಿನ ಆಸರೆ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾನು ದೂರು ಕೊಟ್ಟವನಲ್ಲ. ಕೊಟ್ಟರೆ ಪಾರ್ಟಿ ಕೈತಪ್ಪುತ್ತದೆಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ. ಆ ಭಯಕ್ಕೆ ಕೊಂಚ ಮದ್ದು ಸಿಕ್ಕಿದ್ದು 2023ರ ಹಣಕಾಸು ಕಾಯ್ದೆಯಿಂದ. ಗಡುವು ಮೀರಿದ ಬಾಕಿಯನ್ನು ಮಾರ್ಚ್ 31ರೊಳಗೆ ತೀರಿಸದಿದ್ದರೆ, ಕೊಂಡ ಕಂಪನಿ ಅದನ್ನು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಆಮೇಲೆ ಮಾರ್ಚ್ ಬಂತೆಂದರೆ ಕಂಪನಿಗಳ ಲೆಕ್ಕವಿಭಾಗವೇ ಫೋನ್ ಮಾಡಿ, ನಾನು ಸಣ್ಣ ಉದ್ಯಮಿ ಎಂದು ತೋರಿಸುವ ಉದ್ಯಮ್ ನೋಂದಣಿ ಸಂಖ್ಯೆ ಕೇಳತೊಡಗಿತು.

ಆ ನೋಂದಣಿಗೆ ಒಂದು ರೂಪಾಯಿಯೂ ಬೇಡ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ನೀವೇ ಮಾಡಿಕೊಳ್ಳಬಹುದು, ಆದರೆ ಮಾಲು ಕಳಿಸುವ ಮುಂಚೆಯೇ ಆಗಿರಬೇಕು. ಸಂಖ್ಯೆಯನ್ನು ಬಿಲ್ಲಿನ ಮೇಲೇ ಅಚ್ಚು ಹಾಕಿಸಿ. ಮಾಲು ಇಳಿಸಿದಾಗ ಚಲನ್ ಮೇಲೆ ಸಹಿ, ಸೀಲು, ತಾರೀಕು ಹಾಕಿಸದೆ ಗಾಡಿ ತಿರುಗಿಸಬೇಡಿ. ಆ 15 ಇಲ್ಲವೇ 45 ದಿನದ ಎಣಿಕೆಗೆ ಅದೇ ಸಾಕ್ಷಿ.

ಈಗ ನಾನು ಯಾವ ಒಂದು ಪಾರ್ಟಿಗೂ ನನ್ನ ಕೆಲಸದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕೊಡುವುದಿಲ್ಲ. ಹೊಸ ಪಾರ್ಟಿ ಬಂದರೆ, "ಮಾಲು ನಿಮ್ಮದು, ಕೂಲಿ ನಮ್ಮದು" ಅನ್ನುತ್ತೇನೆ. ಆಗ ಉಕ್ಕಿಗೆ ನನ್ನ ದುಡ್ಡು ಸಿಕ್ಕಿಕೊಳ್ಳುವುದಿಲ್ಲ. ಕೆಲವರು ಎದ್ದು ಹೋದರು. ಉಳಿದವರು ಹೊತ್ತಿಗೆ ಸರಿಯಾಗಿ ಹಣ ಕೊಡುತ್ತಾರೆ.

ಇದನ್ನು ಓದುವವರಲ್ಲಿ ಕಂಪನಿಗಳ ಬಿಲ್ ಪಾಸು ಮಾಡುವವರೂ ಇರಬಹುದು. ನಿಮ್ಮ ಮೇಜಿನ ಮೇಲೆ ಯಾವುದೋ ಸಣ್ಣ ಶೆಡ್ಡಿನ ಬಿಲ್ ಕೂತಿದ್ದರೆ, ದಯವಿಟ್ಟು ಇವತ್ತೇ ಸಹಿ ಹಾಕಿ ಕಳಿಸಿ.