ಡಫಿ ಎಂಬ ಬಾಗಿಲು
ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಿಗೆ ಮಳೆಗಾಲದ ಚಳಿಜ್ವರ ಹೊಸದಲ್ಲ. ಅದಕ್ಕೂ ನಮ್ಮ ವಂಶವಾಹಿಗೂ ನಂಟಿದೆ. ಕೆಂಪು ರಕ್ತಕಣದ ಮೇಲಿರುವ ‘ಡಫಿ’ ಎಂಬ ಪ್ರೋಟೀನು, ಬಿಳಿ ರಕ್ತಕಣಗಳನ್ನು ಕರೆಯುವ ಕೀಮೋಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ಗುರುತಿಸಿ ಹಿಡಿಯುತ್ತದೆ. ವೈವಾಕ್ಸ್ ಮಲೇರಿಯಾದ ಪರೋಪಜೀವಿಯೂ ಇದನ್ನೇ ಹಿಡಿದು ಕಣದೊಳಗೆ ನುಗ್ಗುತ್ತದೆ. ಡಫಿ ಇಲ್ಲದವರು ಈ ಜ್ವರವನ್ನು ತಡೆಯಬಲ್ಲರೆಂದು ಅಮೆರಿಕದ ಲೂಯಿ ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಪಶ್ಚಿಮ ಆಫ್ರಿಕದ ಬಹುಪಾಲು ಜನ ಅಂಥವರು. ವಂಶವಾಹಿಯ ಒಂದೇ ಅಕ್ಷರದ ವ್ಯತ್ಯಾಸ ಇದಕ್ಕೆ ಕಾರಣವೆಂದು 1995ರಲ್ಲಿ ತಿಳಿಯಿತು. ಭಾರತೀಯರಲ್ಲಿ ಬಹುತೇಕ ಎಲ್ಲರಿಗೂ ಡಫಿ ಇದೆ. ಆ ಹುಟ್ಟುರಕ್ಷಣೆ ನಮಗಿಲ್ಲ. ಮೇಲಾಗಿ, ಈ ಪರೋಪಜೀವಿ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಬಳಿಕವೂ ಮರಳಬಲ್ಲದು. ಆದುದರಿಂದ ಚಳಿಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿರಿ. ವೈದ್ಯರು 14 ದಿನಗಳ ಪ್ರೈಮಾಕ್ವಿನ್ ಮಾತ್ರೆ ಕೊಟ್ಟರೆ, ಜ್ವರ ಇಳಿಯಿತೆಂದು ನಡುವೆ ನಿಲ್ಲಿಸದಿರಿ.