ಮಣಿಕಟ್ಟಿನಲ್ಲಿ ಉಳಿದ ಎಳೆ

ಹೊರಗೆ ಮೇ ತಿಂಗಳ ಬಿಸಿಲು ಸುಡುತ್ತಿದ್ದರೂ ಚೆನ್ನೈನ ಶೋಳಿಂಗನಲ್ಲೂರಿನ ಐಟಿ ಕಚೇರಿಗಳೊಳಗೆ ಎಸಿಯ ಗಾಳಿಗೆ ತೋಳಿನ ರೋಮ ನಿಮಿರುತ್ತದೆ. ಪ್ರತಿ ರೋಮದ ಬುಡದಲ್ಲಿರುವ ಪುಟ್ಟ ಸ್ನಾಯು ಬಿಗಿದಾಗ ಹೀಗಾಗುತ್ತದೆ. ದಟ್ಟ ತುಪ್ಪಳದ ಪ್ರಾಣಿಗಾದರೆ ಕೂದಲ ನಡುವೆ ಗಾಳಿ ತುಂಬಿ ಮೈ ಬೆಚ್ಚಗಾಗುತ್ತದೆ. ನಮ್ಮ ತುಪ್ಪಳ ಹೋಗಿದೆ, ಏರ್ಪಾಡು ಉಳಿದಿದೆ. ಇಂಥವುಗಳಿಗೆ ಅವಶೇಷಾಂಗ ಎಂದು ಹೆಸರು. ಅವನ್ನು ‘ಕೆಲಸಕ್ಕೆ ಬಾರದ ಅಂಗ’ ಎಂದು ಹೇಳಿಕೊಡುತ್ತಾ ಬಂದದ್ದರಿಂದಲೇ ಈ ಬಗೆಗಿನ ಅರ್ಧ ಜಗಳ ಹುಟ್ಟಿದೆ.

ಇಂಥದ್ದೇ ಇನ್ನೊಂದನ್ನು ಕಾಣಲು ಕೀಬೋರ್ಡಿನಿಂದ ಕೈ ತೆಗೆದು ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ ನೋಡಿ. ನಟ್ಟನಡುವೆ ಚರ್ಮದಡಿ ಉಬ್ಬಿ ನಿಲ್ಲುವುದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು. ಕೆಲವರಿಗೆ ಏನೂ ಕಾಣುವುದಿಲ್ಲ. ಕೆಲವರಿಗೆ ಒಂದೇ ಕೈಯಲ್ಲಿ ಇರುತ್ತದೆ. ಜನಾಂಗದಿಂದ ಜನಾಂಗಕ್ಕೆ ಪ್ರಮಾಣ ಬದಲಾದರೂ, ಸುಮಾರು ಶೇ 15 ಮಂದಿಗೆ ಅದಿಲ್ಲವೆಂದು ಅಂಗರಚನಾ ಪಠ್ಯಗಳು ಹೇಳುತ್ತವೆ. ಇಲ್ಲದವರ ಹಿಡಿತವೇನೂ ಸಡಿಲವಲ್ಲ. ಕೊಂಬೆಯಿಂದ ಕೊಂಬೆಗೆ ಸಾಗುವ ಲೀಮರ್, ಮಂಗಗಳಲ್ಲಿ ಇದೇ ಸ್ನಾಯು ಚೆನ್ನಾಗಿ ಬೆಳೆದಿರುತ್ತದೆ. ಗೊರಿಲ್ಲಾ, ಚಿಂಪಾಂಜಿಗಳಲ್ಲಿ ಮಾತ್ರ ನಮ್ಮಂತೆಯೇ ಕೆಲವಕ್ಕೆ ಇರುವುದಿಲ್ಲ. ಕೈ ಕೊಂಬೆ ಬಿಟ್ಟು ಬೇರೆ ಕೆಲಸ ಹಿಡಿದದ್ದಕ್ಕೆ ಸಾಕ್ಷಿ ಚೆನ್ನೈ ಸುತ್ತಲೇ ಇದೆ. ಶೋಳಿಂಗನಲ್ಲೂರಿಗೆ ದೂರವೇನಲ್ಲದ ಪಲ್ಲಾವರದಲ್ಲಿ 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಹಳೆ ಶಿಲಾಯುಗದ ಕಲ್ಲಿನ ಉಪಕರಣ ಸಿಕ್ಕಿತು. ಅತ್ತಿರಂಪಾಕ್ಕಂನ ಕೈಗೊಡಲಿಗಳಂತೂ ಸುಮಾರು 15 ಲಕ್ಷ ವರ್ಷ ಹಳೆಯವು.

ಉಪಯೋಗ ಒಂದಿಲ್ಲೊಂದು ದಿನ ಪತ್ತೆಯಾಗುತ್ತದೆ, ಆಗ ಅವಶೇಷವೆಂಬ ಮಾತೇ ಬಿದ್ದುಹೋಗುತ್ತದೆ ಎಂಬುದು ದೊಡ್ಡ ಆಕ್ಷೇಪ. ಅದರಲ್ಲಿ ಹುರುಳಿಲ್ಲದೆ ಇಲ್ಲ. 1893ರಲ್ಲಿ ಜರ್ಮನಿಯ ಅಂಗರಚನಾತಜ್ಞ ವೀಡರ್ಸ್‌ಹೈಮ್ ಮಾಡಿದ 86 ಅವಶೇಷಾಂಗಗಳ ಪಟ್ಟಿ ಇಂದು ಹಾಗೇ ನಿಲ್ಲುವುದಿಲ್ಲ. ಅಪೆಂಡಿಕ್ಸ್‌ನಲ್ಲಿ ರೋಗನಿರೋಧಕ ಅಂಗಾಂಶವಿದೆ. ರೋಮದ ಬುಡದ ಸ್ನಾಯು ಕೂದಲಿನ ಆಕರಕೋಶಗಳಿಗೆ ನರದ ಸಂಪರ್ಕವನ್ನು ಹಿಡಿದಿಡುತ್ತದೆಂದು 2020ರಲ್ಲಿ ಇಲಿಗಳಲ್ಲಿ ಕಂಡುಬಂತು. ಆದರೆ ಒಂದು ಅಂಗ ತನ್ನ ಮುಖ್ಯ ಕೆಲಸಕ್ಕೆ ಸೊರಗಿಯೂ ಇನ್ನೊಂದಕ್ಕೆ ಒದಗಬಲ್ಲದು ಎಂದು ಡಾರ್ವಿನ್ 1859ರಲ್ಲೇ ಬರೆದಿದ್ದ. ಅವಶೇಷ ಎನ್ನುವುದು ಅಂಗದ ಚರಿತ್ರೆಯ ಬಗೆಗಿನ ಮಾತು. ಇಂದಿನ ಉಪಯೋಗ ಅದನ್ನು ಅಳಿಸಲಾರದು. ಬೇಡವಾದದ್ದು ಪೂರ್ತಿ ಮಾಯವಾಗಲಿಲ್ಲವೇಕೆ ಎಂದು ಕೇಳುವವರೂ ಇದ್ದಾರೆ. ನಿಸರ್ಗದ ಆಯ್ಕೆ ಕಸ ಗುಡಿಸುವ ಕೆಲಸಕ್ಕೆ ಕೂತಿಲ್ಲ. ಬದುಕಿಗಾಗಲಿ ಸಂತಾನಕ್ಕಾಗಲಿ ತೊಡಕಾಗದ್ದು ಕೆಲವರಲ್ಲಿ ಇದ್ದು, ಕೆಲವರಲ್ಲಿ ಇಲ್ಲದೆ, ಲಕ್ಷಾಂತರ ವರ್ಷ ಹಾಗೇ ಸಾಗಬಹುದು.

ಪಾಲ್ಮಾರಿಸ್‌ಗೆ ಈಗ ಸಿಕ್ಕಿರುವ ಉಪಯೋಗ, ಇದ್ದರೂ ಇಲ್ಲದಿದ್ದರೂ ನಡೆಯುವ ಈ ಸ್ಥಿತಿಯನ್ನೇ ಎತ್ತಿ ತೋರಿಸುತ್ತದೆ. ಕೈಯ ರಜ್ಜು ತುಂಡಾದಾಗ, ನರ ಸತ್ತು ಬೆರಳು ಮಡಚಿಕೊಂಡಾಗ ಜೋಡಿಸಲು ಬೇರೆಡೆಯ ರಜ್ಜು ಬೇಕಾಗುತ್ತದೆ. ತೆಗೆದರೂ ದೇಹಕ್ಕೆ ಕೊರತೆಯೆನಿಸದ್ದು ಪಾಲ್ಮಾರಿಸ್‌ನ ರಜ್ಜು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದ ಪಾಲ್ ಬ್ರಾಂಡ್, ಕಾಲಿನ ಇಂಥದ್ದೇ ಸ್ನಾಯುವಾದ ಪ್ಲಾಂಟಾರಿಸ್‌ನ ರಜ್ಜುವನ್ನು ಬೆರಳುಗಳಿಗೆ ಕಸಿ ಮಾಡಿದರು. ಇಂದಿಗೂ ಶಸ್ತ್ರಚಿಕಿತ್ಸಕರು ಮೊದಲು ರೋಗಿಯ ಹೆಬ್ಬೆರಳು, ಕಿರುಬೆರಳು ಸೇರಿಸಿ ನೋಡುತ್ತಾರೆ. ಮಣಿಕಟ್ಟಿನಲ್ಲಿ ರಜ್ಜು ಸಿಗದಿದ್ದರೆ ಕಾಲಿನಲ್ಲಿ ಹುಡುಕುತ್ತಾರೆ. ಕಾಲಿನದ್ದೂ ಎಲ್ಲರಿಗೂ ಇರುವುದಿಲ್ಲ.