ಗೇಣುದ್ದದ ದೇಹ, ಮಾರುದ್ದದ ಧೈರ್ಯ

ಗ್ರಾಮಫೋನಿನ ಕಹಳೆಯೆದುರು ಕತ್ತು ವಾರೆ ಮಾಡಿ, ಕಿವಿ ಆನಿಸಿ ಕುಳಿತ ಆ ನಾಯಿಯನ್ನು ನೋಡದ ಮನೆ ಕನ್ನಡನಾಡಿನಲ್ಲಿ ಅಪರೂಪ. ನಾಟಕದ ಹಾಡುಗಳ ಪ್ಲೇಟಿನಿಂದ ಹಿಡಿದು ಭಕ್ತಿಗೀತೆಗಳ ಕ್ಯಾಸೆಟ್ಟಿನವರೆಗೆ, ಎಚ್‌ಎಂವಿ ಕಂಪನಿಯ ಲಾಂಛನವಾಗಿ ಅದು ಮನೆಮನೆಗೂ ಬಂತು. ಅದರ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿ 1895ರಲ್ಲಿ ಸತ್ತ ಈ ನಾಯಿಯನ್ನು ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದ ಚಿತ್ರಿಸಿದ್ದು ಅದು ಕಣ್ಮುಚ್ಚಿದ ಮೇಲೆ. ನಿಪ್ಪರ್ ಟೆರಿಯರ್ ಬಳಗದ್ದು. ಅಂದರೆ ಟೆರಿಯರ್ ನಮಗೆ ಮುಖಪರಿಚಯವಿದ್ದ ನಾಯಿ. ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಈಗ ಮಕ್ಕಳಿಗೆ ಹೆಸರೂ ಗೊತ್ತು. ಮೊಬೈಲಿನಲ್ಲಿ ಕುಣಿಯುವ ಪುಟಾಣಿ ನಾಯಿಯನ್ನು ನೋಡಿ ‘ನಮಗೂ ಅಂಥದ್ದೇ ಬೇಕು’ ಎಂದು ಹಟ ಹಿಡಿಯುತ್ತಾರೆ. ಹೊಸಪೇಟೆಯ ಬಡಾವಣೆಯಾಗಲಿ, ಸಂಡೂರಿನ ವಸತಿಗೃಹವಾಗಲಿ, ಕಂಪ್ಲಿಯ ತೋಟದ ಮನೆಯಾಗಲಿ, ಅಪ್ಪ ಅಮ್ಮಂದಿರ ಲೆಕ್ಕಾಚಾರ ಒಂದೇ: ‘ಚಿಕ್ಕ ನಾಯಿ ತಾನೇ, ಚಿಕ್ಕ ಜವಾಬ್ದಾರಿ’. ಎಡವುವುದು ಅಲ್ಲೇ. ಟೆರಿಯರ್‌ನಲ್ಲಿ ಚಿಕ್ಕದು ದೇಹ ಮಾತ್ರ.

ಮಣ್ಣಿನ ಮಗ

ಟೆರಿಯರ್ ಎಂಬ ಹೆಸರಿನ ಬೇರು ಲ್ಯಾಟಿನ್ ಭಾಷೆಯ ‘ಟೆರಾ’. ಹಾಗೆಂದರೆ ಭೂಮಿ, ಮಣ್ಣು. ನೆಲದೊಳಗಿನ ಬಿಲಕ್ಕೆ ನುಗ್ಗಿ ನರಿಯನ್ನೋ ಇಲಿ ಹೆಗ್ಗಣಗಳನ್ನೋ ಹೊರಗೆಳೆಯುವುದು ಇದರ ಕುಲಕಸುಬು. ಬಿಲದಲ್ಲಿ ತೂರಲು ಮೈ ಸಣ್ಣದಿರಬೇಕು. ಕತ್ತಲಲ್ಲಿ ಒಂಟಿಯಾಗಿ ಹೋರಾಡಲು ಎದೆ ದೊಡ್ಡದಿರಬೇಕು. ಇವೆರಡನ್ನೂ ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ಫಲವೇ ಇಂದಿನ ತಳಿಗಳು.

ಇಂಗ್ಲೆಂಡಿನ ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ 1819ರಲ್ಲಿ, ಆಕ್ಸ್‌ಫರ್ಡ್‌ನ ವಿದ್ಯಾರ್ಥಿಯಾಗಿದ್ದಾಗ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಬಿಳಿಯ ಹೆಣ್ಣು ನಾಯಿಯನ್ನು ಕೊಂಡ. ಅದರ ಸಂತತಿಯಿಂದ ಬಂದದ್ದು ಜ್ಯಾಕ್ ರಸೆಲ್ ಟೆರಿಯರ್. ರೇಷ್ಮೆಯಂಥ ಕೂದಲಿನ ಯಾರ್ಕ್‌ಷೈರ್ ಟೆರಿಯರ್ ಇಂದು ಶ್ರೀಮಂತರ ಮಡಿಲಿನ ಗೊಂಬೆ. ಆದರೆ ಅದರ ಪೂರ್ವಜರು ಹತ್ತೊಂಬತ್ತನೇ ಶತಮಾನದ ಬಟ್ಟೆ ಗಿರಣಿಗಳಲ್ಲಿ ನೇಕಾರರ ಜೊತೆಗಿದ್ದು ಇಲಿ ಹಿಡಿಯುತ್ತಿದ್ದ ದುಡಿಮೆಗಾರರು. ಮೊದಲನೆಯದರ ತೂಕ ಸುಮಾರು 5ರಿಂದ 8 ಕಿಲೋ, ಎರಡನೆಯದರದು 3 ಕಿಲೋ ಆಸುಪಾಸು.

ಹೆಸರಿನಿಂದ ಗಾಬರಿಯಾಗುವವರೂ ಇದ್ದಾರೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಪಟ್ಟಿ ಮಾಡಿದ ತಳಿಗಳಲ್ಲಿ ಪಿಟ್‌ಬುಲ್ ಟೆರಿಯರ್ ಹೆಸರಿತ್ತು. ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಪಡಿಸಿತು. ಅದೇನೇ ಇರಲಿ, ಕಾಳಗಕ್ಕೆಂದೇ ಬೆಳೆಸಿದ ಆ ದೊಡ್ಡ ನಾಯಿಗೂ ಇಲಿ ಹಿಡಿಯುವ ಈ ಪುಟ್ಟ ನಾಯಿಗೂ ಅಡ್ಡಹೆಸರಿನ ಹೊರತು ಹೆಚ್ಚಿನ ಹೋಲಿಕೆಯಿಲ್ಲ.

ಕಲ್ಲಿನಲ್ಲೂ ನಾಯಿ

ನಾಯಿ ನಮ್ಮ ನೆಲಕ್ಕೆ ಹೊಸಬನಲ್ಲ. ಹಂಪಿಯ ಮಹಾನವಮಿ ದಿಬ್ಬದ ಸುತ್ತಲಿನ ಶಿಲ್ಪಪಟ್ಟಿಕೆಗಳಲ್ಲಿ ಬೇಟೆಯ ದೃಶ್ಯಗಳಿವೆ. ಅವುಗಳಲ್ಲಿ ನಾಯಿಗಳೂ ಇವೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವಂತೂ ಕಾಳಿ ಎಂಬ ನಾಯಿಯ ವೀರಗಾಥೆ. ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ಕಾಳಿಯ ನೆನಪಿಗೆ ಅದರ ಒಡೆಯ ಮಣಲೆರ ಕಲ್ಲು ನಿಲ್ಲಿಸಿದ. ಇನ್ನು ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯಗಳು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ಬೊಗಳುವ ಆಚರಣೆ ಇಂದಿಗೂ ಉಂಟು. ನಾಯಿಯೆಂದರೆ ನಿಷ್ಠೆ ಎಂಬ ಮಾತು ಇಲ್ಲಿ ಶಾಲೆಯ ಪಾಠವಲ್ಲ, ಊರಿನ ನಂಬಿಕೆ.

ಆದರೆ ಊರ ನಾಯಿಗೆ ಈ ನೆಲದ ಬಿಸಿಲು, ಕಲ್ಲು, ಹಾವು ಎಲ್ಲವೂ ಹುಟ್ಟಿನಿಂದ ಬಂದ ಪಾಠ. ಮಂಜಿನ ನಾಡಿನಿಂದ ಬಂದ ಟೆರಿಯರ್‌ಗೆ ಅದನ್ನು ಮನೆಯವರೇ ಕಲಿಸಬೇಕು, ಇಲ್ಲವೇ ಮನೆಯವರೇ ಕಾಯಬೇಕು.

ಬಂಡೆಯ ನಾಡಿನ ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ಹೊಸಪೇಟೆ, ಹಂಪಿಗಳ ಉಷ್ಣಾಂಶ 40 ಡಿಗ್ರಿಯ ಆಚೀಚೆ ಸುಳಿಯುತ್ತದೆ. ಹಗಲೆಲ್ಲ ಕಾದ ಬಂಡೆಗಳು ಸಂಜೆಯಾದರೂ ಕಾವು ಬಿಡುವುದಿಲ್ಲ. ಮನುಷ್ಯನ ಹಾಗೆ ನಾಯಿ ಮೈತುಂಬ ಬೆವರುವುದಿಲ್ಲ. ನಾಲಗೆ ಚಾಚಿ ತೇಕುವುದೇ ಅದರ ಮೈ ತಂಪಾಗಿಸುವ ಮುಖ್ಯ ದಾರಿ. ಗಿಡ್ಡ ಕಾಲಿನ ನಾಯಿಯ ಹೊಟ್ಟೆ ನೆಲಕ್ಕೆ ಹತ್ತಿರ. ಹೀಗಾಗಿ ರಸ್ತೆಯ ಕಾವು ಅದಕ್ಕೆ ಕೆಳಗಿನಿಂದಲೂ ತಟ್ಟುತ್ತದೆ.

ಒಂದು ಸುಲಭ ಪರೀಕ್ಷೆ ಮಕ್ಕಳಿಗೂ ಸಾಧ್ಯ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಇಟ್ಟು ಏಳರವರೆಗೆ ಎಣಿಸಬೇಕು. ಅಷ್ಟರೊಳಗೆ ಕೈ ತೆಗೆಯುವಂತಾದರೆ ನಾಯಿಯ ಪಾದಕ್ಕೂ ಆ ರಸ್ತೆ ಸುಡುತ್ತದೆ ಎಂದೇ ಅರ್ಥ. ಬೇಸಿಗೆಯಲ್ಲಿ ವಾಕಿಂಗ್ ಸೂರ್ಯ ಹುಟ್ಟುವ ಹೊತ್ತಿಗೆ, ಇಲ್ಲವೇ ರಾತ್ರಿ ಊಟಕ್ಕೆ ಮುಂಚೆ ಮುಗಿಯಬೇಕು. ಚೆಂಡು ಎಸೆದಷ್ಟೂ ಓಡುವ ಟೆರಿಯರ್‌ಗೆ ‘ಸಾಕು’ ಎನ್ನುವುದು ತಿಳಿಯದು. ಆಟ ನಿಲ್ಲಿಸುವ ಬುದ್ಧಿ ಆಡಿಸುವವರಿಗೆ ಇರಬೇಕು.

ನಾಯಿಯ ಸಹಜ ಉಷ್ಣಾಂಶವೇ ನಮಗಿಂತ ಹೆಚ್ಚು, 38ರಿಂದ 39 ಡಿಗ್ರಿ. ಅದು 41 ದಾಟಿದರೆ ಜೀವಕ್ಕೇ ಅಪಾಯ. ವಿಪರೀತ ತೇಕು, ಜೊಲ್ಲು, ತೂರಾಡುವ ನಡಿಗೆ ಕಂಡೊಡನೆ ನೆರಳಿಗೆ ಒಯ್ದು, ಮೈಗೆ ನೀರು ಸುರಿದು, ಫ್ಯಾನ್ ಹಾಕಿ, ತಡಮಾಡದೆ ಪಶುವೈದ್ಯರ ಬಳಿ ಓಡಬೇಕು. ನಿಲ್ಲಿಸಿದ ಕಾರಿನೊಳಗೆ ‘ಐದೇ ನಿಮಿಷ’ ಬಿಟ್ಟು ಹೋಗುವುದಂತೂ ಸಲ್ಲದು.

ಇಬ್ಬರು ರಸೆಲ್‌ಗಳು

ಕಂಪ್ಲಿಯ ಚಿತ್ರವೇ ಬೇರೆ. ತುಂಗಭದ್ರೆಯ ಕಾಲುವೆಗಳ ಕೃಪೆಯಿಂದ ಎತ್ತ ನೋಡಿದರೂ ಭತ್ತ, ಕಬ್ಬು, ಬಾಳೆ. ಬೆಳೆಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಇಲಿ ಕಂಡರೆ ಟೆರಿಯರ್‌ನ ರಕ್ತ ಕುದಿಯುತ್ತದೆ. ಬದುವಿನ ಬಿಲವನ್ನು ಕ್ಷಣದಲ್ಲಿ ಬಗೆದು ಹಾಕುತ್ತದೆ. ಬಿಲದಿಂದ ಬರುವುದು ಯಾವಾಗಲೂ ಇಲಿಯೇ ಆಗಿರಬೇಕೆಂದಿಲ್ಲವಲ್ಲ!

ಭತ್ತದ ಬಯಲಿನಲ್ಲಿ ಸಿಗುವ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ರಸೆಲ್ ವೈಪರ್ ಎಂದು ಹೆಸರು. ಈ ರಸೆಲ್ ಬೇರೆ. ಹದಿನೆಂಟನೇ ಶತಮಾನದಲ್ಲಿ ಭಾರತದ ಹಾವುಗಳನ್ನು ಅಧ್ಯಯನ ಮಾಡಿದ ಪ್ಯಾಟ್ರಿಕ್ ರಸೆಲ್. ಪಾದ್ರಿ ರಸೆಲ್ಲನ ನಾಯಿ, ವೈದ್ಯ ರಸೆಲ್ಲನ ಹಾವು ಎದುರಾದರೆ ನಾಯಿ ಹಿಂದೆ ಸರಿಯುವುದಿಲ್ಲ. ಅದರ ಧೈರ್ಯವೇ ಅದಕ್ಕೆ ಶತ್ರು. ಆದ್ದರಿಂದ ಗದ್ದೆಯ ಬದುವಿನಲ್ಲಿ ಹಗ್ಗ ಬಿಚ್ಚಬಾರದು. ಕರೆದೊಡನೆ ಓಡಿ ಬರುವುದನ್ನು ಎಳವೆಯಲ್ಲೇ ಕಲಿಸಬೇಕು.

ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ನಾಯಿಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ನಾಯಿಗೆ ಇದರ ಲಸಿಕೆ ಇದೆ. ಇಲಿಪಾಷಾಣ ತಿಂದ ಇಲಿಯನ್ನು ಕಚ್ಚಿದರೂ ವಿಷ ಏರಬಹುದು. ಮನೆಯೊಳಗೂ ವಿಷಗಳಿವೆ: ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ. ಹಬ್ಬದ ಪಾಯಸದ ದ್ರಾಕ್ಷಿಯನ್ನು ಪ್ರೀತಿಯಿಂದ ತಿನ್ನಿಸುವ ಅಜ್ಜಿಗೂ ಇದನ್ನು ತಿಳಿಸಿ ಹೇಳಬೇಕು. ಮೂರು ಕಿಲೋ ತೂಕದ ಜೀವಕ್ಕೆ ಒಂದು ಹಿಡಿ ಬಹಳ.

ಕತ್ತಲಾದ ಮೇಲೆ

ಸಂಡೂರಿನ ಗುಡ್ಡಗಾಡು, ಹಂಪಿಯ ಬಂಡೆಸಾಲು, ಇವೆರಡಕ್ಕೂ ಹತ್ತಿರದ ದರೋಜಿ ಕರಡಿಧಾಮ... ಈ ಸೀಮೆಯಲ್ಲಿ ಚಿರತೆಯೂ ನೆರೆಯವನೇ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹೊಲಗದ್ದೆಗಳ ನಡುವೆ ಬದುಕುವ ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇ 39ರಷ್ಟು ಪಾಲು ನಾಯಿಗಳದು ಎಂದು ಅದು ತೋರಿಸಿತು. ಚಿರತೆ ಬಂದರೆ ದೊಡ್ಡ ನಾಯಿಯೇ ಉಳಿಯುವುದು ಕಷ್ಟ; ಪುಟ್ಟ ಟೆರಿಯರ್ ಅಡಗುವ ಬದಲು ಬೊಗಳಿ ತಾನಿರುವ ಜಾಗವನ್ನು ತಿಳಿಸುತ್ತದೆ. ಊರಂಚಿನ ಮನೆಗಳಲ್ಲಿ ಅದನ್ನು ಅಂಗಳದಲ್ಲಿ ಕಟ್ಟಿ ಮಲಗುವುದು ಕಾವಲಲ್ಲ, ಬಲಿ. ರಾತ್ರಿ ಅದರ ಜಾಗ ಬಾಗಿಲಿನ ಒಳಗೆ.

ದೀಪಾವಳಿಯ ಪಟಾಕಿಗೂ ಇದೇ ಮಾತು. ನಮ್ಮ ಕಿವಿ ಕೇಳಿಸಿಕೊಳ್ಳಲಾರದ ಎತ್ತರದ ಸ್ವರಗಳೂ ನಾಯಿಗೆ ಕೇಳಿಸುತ್ತವೆ. ಕಿಟಕಿ ಮುಚ್ಚಿದ ಕೋಣೆ, ಹಳೆಯ ಚಾದರ, ಪಕ್ಕದಲ್ಲಿ ಮನೆಯವರೊಬ್ಬರು: ಆ ರಾತ್ರಿ ಅದು ಬೇಡುವುದು ಇಷ್ಟೇ.

ಮುಚ್ಚಿಡಬಾರದ ಗಾಯ

ಎಲ್ಲಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಆಟದ ಭರದಲ್ಲಿ ನಾಯಿಯ ಹಲ್ಲು ತಗುಲುತ್ತದೆ. ತೋಳಿನಲ್ಲಿ ಸಣ್ಣ ಗೀರು, ಒಂದು ಹನಿ ರಕ್ತ. ಹೇಳಿದರೆ ಅಪ್ಪ ನಾಯಿಯನ್ನು ಬಿಟ್ಟು ಬರುತ್ತಾರೆಂಬ ಹೆದರಿಕೆಯಿಂದ ಮಗು ಅದನ್ನು ಮುಚ್ಚಿಡುತ್ತದೆ. ಹಿರಿಯರಿಗೆ ತಿಳಿದರೂ ‘ಮನೆ ನಾಯಿ ತಾನೇ’ ಎಂಬ ಉದಾಸೀನ. ಬೀದಿನಾಯಿಯೊಡನೆ, ಕೋತಿಯೊಡನೆ ಜಗಳಕ್ಕೆ ನಿಲ್ಲುವುದು ಟೆರಿಯರ್‌ನ ಸ್ವಭಾವ ಎಂಬುದನ್ನು ಮರೆಯುತ್ತಾರೆ.

ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ವಿರಳ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ತಡೆಯಲು ಸಾಧ್ಯವಿರುವ ಕಾಯಿಲೆಯೂ ಹೌದು. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಲಸಿಕೆ ಕೊಟ್ಟು ಆ ದಾರಿಯನ್ನು ತೆರೆದ.

ಮಾಡಬೇಕಾದ್ದು ಇಷ್ಟು. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಅಷ್ಟೂ ಚುಚ್ಚುಮದ್ದನ್ನು ದಿನ ತಪ್ಪಿಸದೆ ಮುಗಿಸಬೇಕು. ನಾಯಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಕೆಲ ವಾರಗಳಲ್ಲಿ ಮತ್ತೊಂದು, ಆಮೇಲೆ ವರ್ಷಕ್ಕೊಮ್ಮೆ. ಇವೆಲ್ಲಕ್ಕೂ ಮೊದಲು, ಮನೆಗೆ ಮರಿ ಬಂದ ದಿನವೇ ಮಕ್ಕಳಿಗೆ ಒಂದು ಮಾತು ಕೊಡಬೇಕು: ‘ಗೀರು ತೋರಿಸಿದರೆ ಯಾರೂ ಬೈಯುವುದಿಲ್ಲ, ನಾಯಿಯನ್ನು ಎಲ್ಲೂ ಕಳಿಸುವುದಿಲ್ಲ’. ಆ ಮಾತನ್ನು ಉಳಿಸಿಕೊಳ್ಳಬೇಕು. ಲಸಿಕೆಯಷ್ಟೇ ಬೆಲೆ ಅದಕ್ಕಿದೆ.

ಹದಿನಾಲ್ಕು ವರ್ಷದ ಲೆಕ್ಕ

ಚೆನ್ನಾಗಿ ಸಾಕಿದ ಪುಟ್ಟ ಟೆರಿಯರ್ 12ರಿಂದ 15 ವರ್ಷ ಬಾಳುತ್ತದೆ. ಐದನೇ ತರಗತಿಯ ಹುಡುಗಿ ಮರಿಯನ್ನು ತಂದಳೆನ್ನಿ. ಅದರ ಐದನೇ ವರ್ಷಕ್ಕೆ ಅವಳ ಎಸ್ಸೆಸ್ಸೆಲ್ಸಿ. ಎಂಟನೇ ವರ್ಷಕ್ಕೆ ಅವಳು ಬೆಂಗಳೂರಿನದೋ ಧಾರವಾಡದ್ದೋ ಹಾಸ್ಟೆಲು ಸೇರಿರುತ್ತಾಳೆ. ಆಮೇಲೆ ನಾಯಿಯ ಹಲ್ಲು ಉದುರುವ, ಕಣ್ಣು ಮಂಜಾಗುವ ಕಾಲಕ್ಕೆ ಜೊತೆಗಿರುವವರು ಅಪ್ಪ ಅಮ್ಮ. ‘ನಿನ್ನ ನಾಯಿ, ನೀನೇ ನೋಡಿಕೋ’ ಎಂಬ ಕರಾರು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಮರಿ ತರುವ ತೀರ್ಮಾನ ಮಗುವಿನ ಹಟವಾಗಿರಬಾರದು, ಇಡೀ ಮನೆಯ ಒಪ್ಪಂದವಾಗಿರಬೇಕು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮರಿಯ ತಾಯಿಯನ್ನು ತೋರಿಸಲೊಪ್ಪದ ಮಾರಾಟಗಾರನಿಂದ ಕೊಳ್ಳದಿರುವುದೇ ಕ್ಷೇಮ.

ದಿನಕ್ಕೆ ಒಂದು ಗಂಟೆ ಓಟ, ಆಟ. ಅಗೆಯಲು ಅಂಗಳದ ಮೂಲೆಯಲ್ಲಿ ಒಂದು ಬುಟ್ಟಿ ಮರಳು. ಮೈಯಲ್ಲಿ ಉಣ್ಣೆ ಇದೆಯೇ ಎಂದು ಸಂಜೆಗೊಮ್ಮೆ ತಡಕಾಟ. ಇದು ಸಿಗದ ಟೆರಿಯರ್ ಮಲ್ಲಿಗೆ ಬಳ್ಳಿಯ ಬುಡವನ್ನೂ ಶಾಲೆಯ ಬೂಟನ್ನೂ ಬಗೆದು ಹಾಕುತ್ತದೆ. ಅದು ಪುಂಡತನವಲ್ಲ, ಕೆಲಸವಿಲ್ಲದ ದುಡಿಮೆಗಾರನ ಚಡಪಡಿಕೆ. ಅಷ್ಟು ಹೊತ್ತು ಕೊಡಲಾಗದ ಮನೆಗೆ ಬೇರೆ ದಾರಿಯೂ ಇದೆ: ಈ ಬಿಸಿಲಿಗೆ ಒಗ್ಗಿಯೇ ಹುಟ್ಟುವ, ಬಿಸ್ಕತ್ತಿನ ಋಣವನ್ನೂ ಮರೆಯದ ಓಣಿಯ ನಾಟಿ ಮರಿ. ಲಸಿಕೆ, ಆರೈಕೆ ಅದಕ್ಕೂ ಬೇಕು. ಆದರೆ ಈ ಕಲ್ಲು ಬಂಡೆಗಳ ನಾಡಿನಲ್ಲಿ ಬದುಕುವುದನ್ನು ಮಾತ್ರ ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.